ಕಿವಿಮಾತು: ನಿಮ್ಮ ಕಿವಿಯ ಅಳತೆಗೆ



ಹೋದ ರಾಜ್ಯೋತ್ಸವದ ಸಂಜೆ ನಿಮಗೆ ನೆನಪಿರಬೇಕು. ನಾಡಗೀತೆ ಮುಗಿದು, ಅಧ್ಯಕ್ಷರ ಭಾಷಣ ಮುಗಿದು, ನಮ್ಮ ಹುಡುಗ ಹುಡುಗಿಯರ ವಾದ್ಯಮೇಳ ವೇದಿಕೆಗೆ ಬಂದಿತು. ಎರಡನೆಯ ಹಾಡು ಅರ್ಧಕ್ಕೆ ಬಂದಿರಲಿಲ್ಲ, ಸ್ಪೀಕರಿನಿಂದ 'ಕುಂಯ್' ಎಂದು ಕಿವಿ ಸೀಳುವ ಸಿಳ್ಳೆ! ಮುಂದಿನ ಸಾಲಿನ ಅಜ್ಜಿಯರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಎಲ್ಲರೂ ಮೈಕಿನವನನ್ನು ಬೈದರು. ಪಾಪ, ತಪ್ಪು ಅವನೊಬ್ಬನದೇ ಅಲ್ಲ. ಹಾಡುವವರೂ ನುಡಿಸುವವರೂ ಒಬ್ಬರಾದ ಮೇಲೊಬ್ಬರು ಅವನಿಗೆ ಕೈಸನ್ನೆ ಮಾಡುತ್ತಲೇ ಇದ್ದರು: 'ನನಗೆ ಕೇಳಿಸುತ್ತಿಲ್ಲ, ಏರಿಸು.'

ಆ ಮೇಳದಲ್ಲಿ ಹಾಡುತ್ತಿದ್ದವಳು ನನ್ನ ಮಗಳು. ಮನೆಗೆ ಬಂದವಳೇ ಊಟಕ್ಕೆ ಕೂಡುವ ಮೊದಲೇ ಸಾರಿದಳು: "ಅಪ್ಪಾ, ನಾ ಕಸ್ಟಮ್ ಇನ್-ಇಯರ್ ತೊಗೋಬೇಕು ಅಂತ ಮಾಡೀನಿ."

"ಅಂದರ ಏನವ್ವಾ ಅದು?"

"ಕಿವ್ಯಾಗ ಇಟ್ಕೊಳ್ಳೂದು. ನನ್ನ ಕಿವಿ ಅಳತಿಗೇ ಮಾಡಿ ಕೊಡ್ತಾರ."

ಬೆಲೆ ಕೇಳಿದೆ. ಏನೋ ಹೇಳಿದಳು, ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದೆ. ಐವತ್ತು ಸಾವಿರದ ಹತ್ತಿರ! ಮೊದಲ ಸಲ ಕೇಳಿಸದೇ ಹೋದದ್ದು ಬೆಲೆಯ ಆಘಾತದಿಂದ ಎಂದುಕೊಂಡೆ. ನಿಜವಾದ ಕಾರಣ ಬೇರೆಯೇ ಇತ್ತು ಎಂಬುದು ಕೆಲವು ದಿನಗಳ ನಂತರ ತಿಳಿಯಿತು. ಆ ಕಥೆಯೇ ಈ ಸಂಚಿಕೆಯ ಕಿವಿಮಾತು.

ಸಂಬಳ ಅವಳದು, ಹಿಂಜವಡಿಯ ಕಂಪನಿ ಕೊಡುವುದು. ಆದರೂ ಅಪ್ಪನ ಬಾಯಿ ಸುಮ್ಮನಿರಬೇಕಲ್ಲ! "ಅಷ್ಟು ರೊಕ್ಕ ಕಿವಿಗೇ ಹಾಕೂದಿದ್ರ ಬಂಗಾರದ ಝುಮಕಿ ಮಾಡಿಸ್ಕೊ" ಎಂದೆ. ಅವಳು ನಕ್ಕಳು, ವಾದ ಮಾಡಲಿಲ್ಲ. ಎರಡು ದಿನ ಕಳೆದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿ ಹೇಳಿದಳು. ಅವಳಿಂದ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಸ್ಪೀಕರೇ ಕಿವಿಯೊಳಗೆ

ವೇದಿಕೆಯ ಮೇಲೆ ಹಾಡುವವರ ಕಾಲ ಬಳಿ ಓರೆಯಾಗಿ ಇಟ್ಟ ಪೆಟ್ಟಿಗೆಗಳನ್ನು ನೀವು ನೋಡಿರುತ್ತೀರಿ. ಅವು ನಮಗಾಗಿ ಅಲ್ಲ, ಹಾಡುವವರು ತಮ್ಮ ದನಿಯನ್ನು ತಾವು ಕೇಳಿಕೊಳ್ಳುವುದಕ್ಕೆ. ಮಾನಿಟರ್ ಎಂದು ಅವುಗಳ ಹೆಸರು. ಡ್ರಮ್ಮಿನ ಅಬ್ಬರದಲ್ಲಿ ಗಾಯಕಿಗೆ ತನ್ನ ದನಿ ಕೇಳಿಸದು, ಏರಿಸು ಎನ್ನುತ್ತಾಳೆ. ಅವಳದು ಏರಿದರೆ ಗಿಟಾರಿನವನಿಗೆ ತನ್ನದು ಕೇಳಿಸದು, ಅವನೂ ಏರಿಸು ಎನ್ನುತ್ತಾನೆ. ಹೀಗೆ ಹರಾಜು ಕೂಗಿದಂತೆ ಏರುತ್ತ ಹೋಗಿ, ಕೊನೆಗೆ ಪೆಟ್ಟಿಗೆಯಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಅದೇ ಮತ್ತೆ ಪೆಟ್ಟಿಗೆಯಿಂದ ಹೊರಟು, ಗಿರಕಿ ಹೊಡೆದು ಸಿಳ್ಳೆಯಾಗುತ್ತದೆ. ರಾಜ್ಯೋತ್ಸವದಲ್ಲಿ ಆದದ್ದು ಇದೇ.

ಇದಕ್ಕೆ ಪರಿಹಾರವೆಂದರೆ ಪೆಟ್ಟಿಗೆಯನ್ನೇ ಚಿಕ್ಕದು ಮಾಡಿ ಕಿವಿಯೊಳಗೆ ಇಟ್ಟುಬಿಡುವುದು. ಅಮೆರಿಕದ ವ್ಯಾನ್ ಹೇಲನ್ ಎಂಬ ರಾಕ್ ತಂಡದ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ 1995ರಲ್ಲಿ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಇಂಥ ಒಂದು ಜೊತೆಯನ್ನು ತಯಾರಿಸಿದರು. ಅದಕ್ಕೂ ಮೊದಲೇ ಕೆಲವರು ಪ್ರಯತ್ನಿಸಿದ್ದುಂಟು. ಆದರೆ ಒಂದು ಪುಟ್ಟ ಸ್ಪೀಕರ್ ಮಂದ್ರಕ್ಕೆ, ಇನ್ನೊಂದು ತಾರಕ್ಕೆ ಎಂದು ಕೆಲಸ ಹಂಚಿ, ಎರಡನ್ನೂ ಕಿವಿಯ ಅಚ್ಚಿನಲ್ಲಿ ಕೂಡಿಸಿದ ಹಾರ್ವಿಯವರ ರೀತಿ ಹೆಸರು ಮಾಡಿತು. ಈಗ ದೊಡ್ಡ ವೇದಿಕೆಗಳಲ್ಲಿ ಹಾಡುವವರ ಕಿವಿಯಲ್ಲಿ ಕಾಣುವ ಬಣ್ಣದ ಗುಂಡುಗಳು ಇವೇ. ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಪೆಟ್ಟಿಗೆಗೆ ತಂತಿಯಿಲ್ಲದೆ ಸಂಗೀತ ಬರುತ್ತದೆ. ಯಾರಿಗೆ ಯಾವ ವಾದ್ಯ ಎಷ್ಟು ಬೇಕೋ ಅಷ್ಟನ್ನು ಎಂಜಿನಿಯರ್ ಬೇರೆ ಬೇರೆಯಾಗಿ ಕಳಿಸುತ್ತಾನೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಇವುಗಳಲ್ಲಿ ಬಹಳಷ್ಟರ ಒಳಗಿರುವ ಪುಟ್ಟ ಸ್ಪೀಕರಿಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂದು ಹೆಸರು. ಇದು ಈ ಗಾತ್ರಕ್ಕೆ ಇಳಿದು ಪಳಗಿದ್ದು ಸಂಗೀತಕ್ಕಾಗಿ ಅಲ್ಲ, ಕಿವಿ ಮಂದವಾದವರ ಶ್ರವಣಯಂತ್ರಕ್ಕಾಗಿ. ಕಿವಿಯ ಅಚ್ಚು ತೆಗೆಯುವ ಕಸುಬು ಕೂಡ ಅಲ್ಲಿಂದಲೇ ಬಂದದ್ದು. ಕೇಳಿಸದವರಿಗಾಗಿ ಹುಟ್ಟಿದ ವಿದ್ಯೆ ಚೆನ್ನಾಗಿ ಕೇಳಿಸುವವರ ಕೈಗೆ ಬಂದಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಚ್ಚು ತೆಗೆದ ದಿನ

ಅಚ್ಚನ್ನು ಅಂಗಡಿಯವರು ತೆಗೆಯುವುದಲ್ಲ, ಶ್ರವಣ ತಜ್ಞರೇ, ಅಂದರೆ ಆಡಿಯಾಲಜಿಸ್ಟರೇ ತೆಗೆಯಬೇಕು. ಡೆಕ್ಕನ್ ಭಾಗದ ಒಂದು ಚಿಕಿತ್ಸಾಲಯಕ್ಕೆ ಮಗಳು ಹೊರಟಾಗ ಕುತೂಹಲಕ್ಕೆ ನಾನೂ ಹೊರಟೆ. ನಮ್ಮ ಅಡ್ಡಹೆಸರು ಓದಿದ ಕೂಡಲೇ ತಜ್ಞೆ ಕನ್ನಡದಲ್ಲೇ ಮಾತಿಗಿಳಿದರು. ಅವರು ಮಂಡ್ಯದ ಕಡೆಯವರು, ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಕಾಣೆ. ಮಾತು ಮತ್ತು ಶ್ರವಣದ ವಿಷಯದಲ್ಲಿ ದೇಶಕ್ಕೆ ತಜ್ಞರನ್ನು ಕೊಟ್ಟ ನಮ್ಮ ನಾಡಿನ ಹೆಮ್ಮೆಯ ಸಂಸ್ಥೆ ಅದು.

ಮೊದಲು ದೀಪದ ಉಪಕರಣದಿಂದ ಕಿವಿಯ ಒಳಗೆ ನೋಡಿದರು. ಗುಗ್ಗೆ ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಮುಂದಿನ ಕೆಲಸ. ನಮ್ಮ ಕಿವಿಯ ದಾರಿ ನೇರವಾಗಿಲ್ಲ, ಅದರಲ್ಲಿ ಎರಡು ತಿರುವುಗಳಿವೆ. ಎರಡನೆಯ ತಿರುವಿನ ಆಚೆಗೆ ದಾರ ಕಟ್ಟಿದ ಸ್ಪಂಜಿನ ಸಣ್ಣ ಬೆಣೆ ಇಟ್ಟರು. ತಮಟೆಯನ್ನು ಕಾಯುವುದು ಅದೇ. ಆಮೇಲೆ ಎರಡು ಬಗೆಯ ಸಿಲಿಕೋನನ್ನು ಕಲಸಿ, ಪಿಚಕಾರಿಯಿಂದ ಕಿವಿ ತುಂಬಿಸಿದರು. ಚಪಾತಿ ಹಿಟ್ಟಿನಂತಿದ್ದದ್ದು ಐದೇ ನಿಮಿಷದಲ್ಲಿ ರಬ್ಬರಾಯಿತು. ಮೆಲ್ಲಗೆ ತಿರುಗಿಸಿ ಹೊರತೆಗೆದಾಗ ಕಿವಿಯ ಒಳಗಿನ ಆಕಾರ ಪಡಿಯಚ್ಚಾಗಿ ಕೈಯಲ್ಲಿತ್ತು. ಎಡಗಿವಿಯದು ಒಂದು ಥರ, ಬಲಗಿವಿಯದು ಇನ್ನೊಂದು ಥರ! ಒಂದೇ ತಲೆಯ ಎರಡು ಕಿವಿಗಳೂ ಒಂದೇ ರೀತಿ ಇರುವುದಿಲ್ಲ.

ಅಚ್ಚು ಗಟ್ಟಿಯಾಗುವವರೆಗೆ ಮಗಳ ಹಲ್ಲುಗಳ ನಡುವೆ ಒಂದು ತುಂಡನ್ನು ಕಚ್ಚಿಸಿದ್ದರು. ಇದೇಕೆ ಎಂದೆ. "ಸರ್, ನಿಮ್ಮ ಕಿರುಬೆರಳನ್ನ ಕಿವೀಲಿಟ್ಟು ಬಾಯಿ ತೆಗೆದು ಮುಚ್ಚಿ ನೋಡಿ" ಎಂದರು. ನೀವೂ ಈಗಲೇ ಮಾಡಿ ನೋಡಿ. ದವಡೆ ಆಡಿದ ಹಾಗೆ ಕಿವಿಯ ದಾರಿಯೂ ಹಿಗ್ಗಿ ಕುಗ್ಗುವುದು ಬೆರಳಿಗೆ ತಿಳಿಯುತ್ತದೆ. ಬಾಯಿ ಮುಚ್ಚಿ ತೆಗೆದ ಅಚ್ಚು ಬಾಯಿ ಮುಚ್ಚಿದಾಗ ಮಾತ್ರ ಸರಿಯಾಗಿ ಕೂಡುತ್ತದೆ. ಹಾಡುವವರ ಬಾಯಿ ಮುಚ್ಚಿರುತ್ತದೆಯೇ? ತಾರಷಡ್ಜಕ್ಕೆ ಬಾಯಿ ತೆರೆದ ಕೂಡಲೇ ಗಾಳಿ ಸೋರುತ್ತದೆ. ಗಾಳಿ ಸೋರಿದರೆ ಮೊದಲು ಓಡಿಹೋಗುವುದು ಮಂದ್ರದ ದನಿ. ಆದ್ದರಿಂದ ಗಾಯಕರ ಅಚ್ಚನ್ನು ಬಾಯಿ ತೆರೆದಿರುವಾಗಲೇ ತೆಗೆಯಬೇಕು. ಐವತ್ತು ಸಾವಿರದ ವಸ್ತುವಿನ ಹಣೆಬರಹ ಈ ಐದು ನಿಮಿಷದಲ್ಲಿ ನಿರ್ಧಾರವಾಗುತ್ತದೆ.

ನನ್ನ ಸರದಿ

ಕೆಲಸ ಮುಗಿಯಿತು, ಏಳಬೇಕು ಎನ್ನುವಾಗ ತಜ್ಞೆ ನನ್ನ ಕಡೆ ತಿರುಗಿದರು. "ಸರ್, ನೀವೂ ಒಂದ್ಸಲ ಟೆಸ್ಟ್ ಮಾಡಿಸ್ಕೊಂಡ್ಬಿಡಿ. ಆಗಿನಿಂದ ಎರಡು ಸಲ ನಿಮ್ಮನ್ನ ಕರೆದೆ, ನೀವು ತಿರುಗಿ ನೋಡಲಿಲ್ಲ."

ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಕಿವಿಯಲ್ಲಿ 'ಟೀಂ' ಎಂದು ಸಣ್ಣ ದನಿ ಬಂದಾಗ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ, ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿರಬೇಕು ಎಂದುಕೊಂಡೆ. ಗಾಜಿನಾಚೆ ನಿಂತಿದ್ದ ಮಗಳ ಮುಖ ನೋಡಿದೆ. ಯಂತ್ರ ನಿಂತಿರಲಿಲ್ಲ.

ಹೊರಗೆ ಬಂದಾಗ ಒಂದು ನಕ್ಷೆ ತೋರಿಸಿದರು. ಎಡದಿಂದ ಬಲಕ್ಕೆ ದನಿ ತಗ್ಗಿನಿಂದ ಏರಿಗೆ ಹೋಗುತ್ತದೆ. ಗೆರೆ ಕೆಳಗಿಳಿದಷ್ಟೂ ಕಿವುಡು ಹೆಚ್ಚು. ನನ್ನ ಗೆರೆ ಒಂದಷ್ಟು ದೂರ ನೆಟ್ಟಗೆ ಬಂದು, 4000 ಹರ್ಟ್ಸ್ ಹತ್ತಿರ ಮಳೆಗಾಲದ ರಸ್ತೆಗುಂಡಿಯಂತೆ ದಬಕ್ಕನೆ ಇಳಿದಿತ್ತು. "ಯಾವ ಮಷಿನ್ ಹತ್ರ ಕೆಲಸ ಮಾಡ್ತಿದ್ರಿ?" ಎಂದರು. ನಾನು ಕಾರ್ಖಾನೆಯಲ್ಲಿದ್ದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗೆರೆಯೇ ಹೇಳಿತ್ತು.

ಚಿಂಚವಡದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ 31 ವರ್ಷ ದುಡಿದವನು ನಾನು. ತಗಡು ಕತ್ತರಿಸುವ ಪ್ರೆಸ್ಸಿನ ಸದ್ದು ಹೇಗಿರುತ್ತದೆ ಎಂದು ನಿಮ್ಮ ತಂದೆಯರಲ್ಲಿ ಹಲವರು ಬಲ್ಲರು. ಕಿವಿಗೆ ಇಟ್ಟುಕೊಳ್ಳಲು ಬೆಣೆ ಕೊಡುತ್ತಿದ್ದರು. ನಾವು ಅದನ್ನು ಡ್ರಾಯರಿನಲ್ಲಿ ಭದ್ರವಾಗಿ ಇಟ್ಟು, ಕಿವಿಗೆ ಹತ್ತಿ ತುರುಕಿಕೊಂಡು ಗಂಡಸುತನ ಮೆರೆಯುತ್ತಿದ್ದೆವು. ಬೇರೆಯವರನ್ನು ದೂರುವಂತಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಮಾತ್ರ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ತಲೆಯ ಕೂದಲು ಹೋದರೆ ಜನಕ್ಕೆ ಕಾಣುತ್ತದೆ. ಈ ಕೂದಲು ಹೋದದ್ದು ಹೋದವನಿಗೂ ತಿಳಿಯುವುದಿಲ್ಲ.

ಮುಂದೆ ಅವರು ಹೇಳಿದ ಮಾತು ನನ್ನನ್ನು ಕೂತಲ್ಲೇ ಕುಗ್ಗಿಸಿತು. ಆ, ಓ, ಊ ಮುಂತಾದ ಸ್ವರಗಳು ತಗ್ಗಿನಲ್ಲಿ ಗಟ್ಟಿಯಾಗಿ ಬರುತ್ತವೆ. ಸ, ಶ, ಚ, ತ ಎಂಬ ಅಕ್ಷರಗಳ ಗುರುತು ಇರುವುದು ಏರುದನಿಯಲ್ಲಿ, ಅದೂ ಮೆಲ್ಲಗೆ. ನನ್ನಂಥ ಕಿವಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಎದುರಿಗಿದ್ದವರು ಗೊಣಗುತ್ತಿದ್ದಾರೆ ಎನಿಸುತ್ತದೆ. ಅದರಲ್ಲೂ ಹೆಣ್ಣುಮಕ್ಕಳ, ಮಕ್ಕಳ ತೆಳುದನಿ.

ಎಷ್ಟು ವರ್ಷದಿಂದ ನಾನು ಮಗಳಿಗೆ "ಕನ್ನಡಾ ಬಾಯಿ ತುಂಬ ಮಾತಾಡವ್ವಾ, ಅಕ್ಷರಾ ನುಂಗಬ್ಯಾಡ" ಎಂದು ಹೇಳುತ್ತ ಬಂದಿದ್ದೇನೆ! ಊಟದ ಹೊತ್ತಿಗೆ ಅವಳು ಏನಾದರೂ ಹೇಳಿದರೆ "ಏನು? ಏನಂದಿ? ಇನ್ನೊಮ್ಮೆ ಸರಿಯಾಗಿ ಹೇಳು" ಎನ್ನುವವನು ನಾನು. ಮೊದಮೊದಲು ಇನ್ನೊಮ್ಮೆ ಹೇಳುತ್ತಿದ್ದಳು. ಆಮೇಲೆ "ಏನಿಲ್ಲ ಬಿಡ್ರಿ" ಎನ್ನತೊಡಗಿದಳು. ಕಾಲೇಜಿಗೆ ಹೋದ ಮೇಲೆ ಹೇಳಬೇಕಾದದ್ದನ್ನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದಳು. ಪುಣೆಯ ಗಾಳಿ, ಮರಾಠಿಯ ಪ್ರಭಾವ, ಇಂಗ್ಲಿಷ್ ಶಾಲೆ ಎಂದು ನಾನು ಲೆಕ್ಕ ಹಾಕಿಟ್ಟಿದ್ದೆ. ಅಷ್ಟೇ ಏಕೆ, ಇದೇ ಅಂಕಣದಲ್ಲಿ 'ಇಲ್ಲಿ ಬೆಳೆದ ಮಕ್ಕಳು ಕನ್ನಡದ ಅಕ್ಷರಗಳನ್ನು ನುಂಗುತ್ತಾರೆ' ಎಂದು ನಿಮ್ಮನ್ನೆಲ್ಲ ಸೇರಿಸಿ ಬರೆದಿದ್ದೆ.

ರಿಕ್ಷಾದಲ್ಲಿ ಮರಳುವಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಕರ್ವೆ ರಸ್ತೆಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: "ಅಪ್ಪಾ, ಅಂದ್ರ ನನ್ನ ಕನ್ನಡಾ ಛಲೋನ ಅದ ಏನು?"

"ಮೊದಲಿಂದಲೂ ಛಲೋನ ಇತ್ತವ್ವಾ" ಎಂದೆ. ಬೇರೇನೂ ಹೇಳಲಾಗಲಿಲ್ಲ.

ಆ ಅಂಕಣದ ಮಾತನ್ನು ನಾನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಅದನ್ನು ಓದಿ ಮನೆಯಲ್ಲಿ ಕನ್ನಡ ಮಾತಾಡಲು ಅಂಜಿದ್ದರೆ ನನ್ನನ್ನು ಕ್ಷಮಿಸಿ.

ಕೊಳ್ಳುವ ಮುಂಚೆ

ಇನ್ನು ನಿಮಗೆ ಬೇಕಾದ ವಿಷಯಕ್ಕೆ ಬರೋಣ. ಮಗಳ ಅನುಭವದಿಂದ ಕಲಿತ ಕೆಲವು ಮಾತುಗಳು.

ಮೊದಲನೆಯದು, ನಿಮಗೆ ನಿಜವಾಗಿ ಬೇಕೇ? ವಾರ ವಾರ ವೇದಿಕೆ ಹತ್ತುವವರಿಗೆ, ದಿನವೂ ಗಂಟೆಗಟ್ಟಲೆ ಕಿವಿಯಲ್ಲಿಟ್ಟು ಕೆಲಸ ಮಾಡುವವರಿಗೆ, ಯಾವ ರಬ್ಬರ್ ತುದಿಯೂ ಕಿವಿಯಲ್ಲಿ ನಿಲ್ಲದವರಿಗೆ ಇದು ಸಾರ್ಥಕ. ಬಸ್ಸಿನಲ್ಲಿ ಹಾಡು ಕೇಳಲು ಮಾತ್ರವಾದರೆ ಕೆಲವು ಸಾವಿರದ ಸಾಮಾನ್ಯ ಇನ್-ಇಯರ್ ಸಾಕು. ಅದರ ಜೊತೆ ಬರುವ ಎರಡು ಮೂರು ಅಳತೆಯ ತುದಿಗಳನ್ನು ಹಾಕಿ ನೋಡಿ, ಎಡಕ್ಕೊಂದು ಬಲಕ್ಕೊಂದು ಅಳತೆಯಾದರೂ ಚಿಂತೆಯಿಲ್ಲ. ಹದಿನೆಂಟು ದಾಟದವರು ಅಚ್ಚಿನ ಗೋಜಿಗೆ ಹೋಗಬೇಡಿ. ಕಿವಿ ಇನ್ನೂ ಬೆಳೆಯುತ್ತಿರುತ್ತದೆ, ದೀಪಾವಳಿಯ ಅಂಗಿ ಯುಗಾದಿಗೆ ಬಿಗಿಯಾದಂತೆ ಆಗುತ್ತದೆ.

ಎರಡನೆಯದು, ಒಳಗೆ ಎಷ್ಟು ಸ್ಪೀಕರಿವೆ ಎಂಬ ಸಂಖ್ಯೆಗೆ ಮರುಳಾಗಬೇಡಿ. ಎರಡು, ನಾಲ್ಕು, ಎಂಟು, ಹನ್ನೆರಡು ಎಂದು ಸಂಖ್ಯೆಯ ಜೊತೆ ಬೆಲೆಯೂ ಏರುತ್ತ ಲಕ್ಷ ದಾಟುತ್ತದೆ. ಅಡಿಗೆಯವರು ಹೆಚ್ಚಾದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲ, ಅವರೆಲ್ಲ ಹೊಂದಿಕೊಂಡು ಕೆಲಸ ಮಾಡಬೇಕು. ಒಂದೇ ಒಳ್ಳೆಯ ಸ್ಪೀಕರ್ ಇದ್ದೂ ಚೆನ್ನಾಗಿ ನುಡಿಯುವವು ಇವೆ.

ಮೂರನೆಯದು, ನಿಮ್ಮ ಅಳತೆಯದನ್ನು ಮಾಡಿಸುವ ಮೊದಲು ಹಾಕಿ ನೋಡಲು ಆಗುವುದಿಲ್ಲ. ಆದರೆ ಅನೇಕ ತಯಾರಕರು ಅದೇ ಮಾದರಿಯನ್ನು ರಬ್ಬರ್ ತುದಿಯೊಂದಿಗೆ ಪರೀಕ್ಷೆಗೆ ಇಟ್ಟಿರುತ್ತಾರೆ. ಅದನ್ನು ಕೇಳದೆ ಹಣ ಕೊಡಬೇಡಿ. ಹೋಗುವಾಗ ನಿಮಗೆ ಬಾಯಿಪಾಠವಿರುವ ಹಾಡುಗಳನ್ನು ಒಯ್ಯಿರಿ. ಎರಡು ಮಾದರಿಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ.

ನಾಲ್ಕನೆಯದು, ಬಂದದ್ದು ಬಿಗಿಯಾದರೆ, ಸಡಿಲವಾದರೆ ಎಷ್ಟು ದಿನದೊಳಗೆ ತಿದ್ದಿ ಕೊಡುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಹೊರದೇಶದಿಂದ ತರಿಸುವುದಾದರೆ ಸುಂಕ ಮತ್ತು ಹಿಂದೆ ಕಳಿಸುವ ಖರ್ಚು ಎಷ್ಟೆಂದು ಮೊದಲೇ ಕೇಳಿ. ಮಗಳದು ಆರು ವಾರಕ್ಕೆ ಬಂತು. ಎಡಗಿವಿಯದು ಕೂದಲೆಳೆಯೂ ತೂರದಂತೆ ಕೂತಿತು, ಬಲಗಿವಿಯದು ಬಾಯಿ ತೆರೆದರೆ ಸಡಿಲ. ಮತ್ತೆ ಕಳಿಸಿ ತಿದ್ದಿಸಬೇಕಾಯಿತು. ತಂತಿ ಬಿಚ್ಚಿ ಬದಲಿಸುವಂತಿರಲಿ, ಮೊದಲು ಕೆಡುವುದು ಅದೇ. ಮಳೆಗಾಲದಲ್ಲಿ ತೇವ ಹೀರುವ ಪುಡಿ ಹಾಕಿದ ಡಬ್ಬಿಯಲ್ಲಿಡಿ. ತೂತಿನಲ್ಲಿ ಗುಗ್ಗೆ ಕಟ್ಟದಂತೆ ದಿನವೂ ಒರೆಸಿ.

ಕೇಳುವ ಬಗೆ

ತಿದ್ದಿಸಿದ್ದು ಬಂದ ದಿನ ಮಗಳು ಮೊದಲು ಕೇಳಿದ್ದು ಯಾವ ಹಾಡನ್ನೂ ಅಲ್ಲ, ತಂಬೂರಿಯನ್ನು. ಅವಳ ಗಾಯನದ ಗುರುಗಳು ಹೇಳಿಕೊಟ್ಟ ಉಪಾಯವಿದು. ತಂಬೂರಿಯ ಖರ್ಜದ ತಂತಿ ತುಂಬಿಕೊಂಡು ಕೇಳಿಸಿದರೆ ಅಚ್ಚು ಸರಿಯಾಗಿ ಕೂತಿದೆ ಎಂದು ಅರ್ಥ. ಬಾಯಿ ತೆರೆದು ಮುಚ್ಚಿ ನೋಡಿ, ಆಗಲೂ ಖರ್ಜ ಬಡವಾಗಬಾರದು. ಇನ್ನು ಜೀವಾರಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ನೂಲೆಳೆ ಸರಿಸಿ ಹದ ಮಾಡಿದಾಗ ಏಳುವ ಆ ಝೇಂಕಾರ. ನಮ್ಮ ರೈಲು ಹುಬ್ಬಳ್ಳಿಗೆ ಹೋಗುವಾಗ ಹಾದುಹೋಗುವ ಮಿರಜಿನ ಕುಶಲಕರ್ಮಿಗಳು ಇದಕ್ಕೆ ದೇಶದಲ್ಲೆಲ್ಲ ಹೆಸರಾದವರು. ಶ್ರುತಿ ಕೂಡಿದ ತಂಬೂರಿಯ ಷಡ್ಜದೊಳಗಿನಿಂದ, ಯಾರೂ ಮೀಟದೆ ಇದ್ದರೂ, ಗಾಂಧಾರ ತಾನಾಗಿ ಏಳುತ್ತದೆ. ಆ ಗಾಂಧಾರ ಮೆಲ್ಲನೆಯ ಸದ್ದಿನಲ್ಲೂ ಕೇಳಿಸಿದರೆ ನಿಮ್ಮ ಇನ್-ಇಯರ್ ಒಳ್ಳೆಯದು, ನಿಮ್ಮ ಕಿವಿಯೂ ಒಳ್ಳೆಯದು. ಆಮೇಲೆ ಭೀಮಸೇನ ಜೋಶಿಯವರ ದಾಸರ ಪದಗಳನ್ನು ಕೇಳಿ. ಸ, ಶ ಅಕ್ಷರಗಳು ಚುಚ್ಚದೆ ಸ್ಪಷ್ಟವಾಗಿರಬೇಕು, ಉಸಿರು ತೆಗೆದುಕೊಳ್ಳುವುದೂ ಕೇಳಬೇಕು.

'ಮೆಲ್ಲನೆಯ ಸದ್ದಿನಲ್ಲೂ' ಎಂದೆನಲ್ಲ, ಈ ಪತ್ರದ ತಿರುಳು ಅದೇ. ಕಿವಿಯ ಅಳತೆಗೆ ಮಾಡಿದ್ದರ ನಿಜವಾದ ಬೆಲೆ ಅದು ಹೊರಗಿಡುವ ಗದ್ದಲದಲ್ಲಿದೆ. ಚೆನ್ನಾಗಿ ಕೂತರೆ 25 ಡೆಸಿಬಲ್‌ನಷ್ಟು ಹೊರಗಿನ ಸದ್ದನ್ನು ತಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಬಸ್ಸಿನ ಗದ್ದಲವನ್ನು ಮೀರಿಸಲು ಹಾಡನ್ನು ಏರಿಸಬೇಕಿಲ್ಲ. ಗದ್ದಲವೇ ಇಳಿಯಿತಲ್ಲ, ಹಾಡನ್ನೂ ಇಳಿಸಿ. ಇಳಿಸದೆ ಹೋದರೆ ನೀವು ಹಣ ಕೊಟ್ಟು ಒಂದು ಪ್ರೆಸ್ ಶಾಪನ್ನು ಕಿವಿಯೊಳಗೆ ತಂದಿಟ್ಟುಕೊಂಡ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಕೊಟ್ಟ ಲೆಕ್ಕ ಇದು: ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 90ಕ್ಕೆ ಬಂದರೆ ವಾರಕ್ಕೆ ನಾಲ್ಕೇ ಗಂಟೆ. ಈಗಿನ ಅನೇಕ ಫೋನುಗಳು ಈ ಲೆಕ್ಕವನ್ನು ತಾವೇ ಇಡುತ್ತವೆ, ತೆರೆದು ನೋಡಿ. ಢೋಲ್-ತಾಶಾ ಪಥಕಗಳಲ್ಲಿ ಇರುವವರು ಇನ್ನಷ್ಟು ಗಮನಿಸಿ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮಿ ರಸ್ತೆಯಲ್ಲಿ ಅಳೆದ ಸದ್ದಿನ ಸರಾಸರಿಯೇ 100 ಡೆಸಿಬಲ್ ದಾಟಿದ ವರ್ಷಗಳಿವೆ. ಕಾರ್ಖಾನೆ ಕೆಲಸಗಾರರಿಗಾಗಿ ಅಮೆರಿಕದ ತಜ್ಞರು ಮಾಡಿದ ಲೆಕ್ಕದಲ್ಲಿ 100 ಡೆಸಿಬಲ್‌ಗೆ ದಿನಕ್ಕೆ 15 ನಿಮಿಷ ಮಾತ್ರ. ನೀವು ಬಾರಿಸುವುದು ಎಷ್ಟು ಗಂಟೆ? ಢೋಲ್ ಬಿಡಿ ಎನ್ನುವುದಿಲ್ಲ. ಅಗ್ಗದ ಸ್ಪಂಜಿನ ಬೆಣೆಯನ್ನಾದರೂ ಇಟ್ಟುಕೊಳ್ಳಿ, ಡ್ರಾಯರಿನಲ್ಲಿ ಅಲ್ಲ, ಕಿವಿಯಲ್ಲಿ. ಬಾರಿಸಿ ಬಂದ ರಾತ್ರಿ ಕಿವಿ 'ಗುಂಯ್' ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ.

ವೇದಿಕೆಯ ಮೇಲೆ ಇನ್ನೊಂದು ತೊಡಕುಂಟು. ಎರಡೂ ಕಿವಿಗೆ ಬೆರಳಿಟ್ಟು ಮಾತಾಡಿ ನೋಡಿ, ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಮಗಳಿಗೆ ಹಾಗೆಯೇ ಆಯಿತು. ಸಿಳ್ಳೆಯೇನೋ ಏಳಲಿಲ್ಲ, ಆದರೆ ಚಪ್ಪಾಳೆಯೂ ಕೇಳಿಸಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ನಿಂತು ಹಾಡಿದ ಹಾಗಾಯಿತು ಎಂದಳು. ಹೀಗಾದಾಗ ಕೆಲವರು ಒಂದು ಕಿವಿಯದನ್ನು ತೆಗೆದುಬಿಡುತ್ತಾರೆ. ಹಾಗೆ ಮಾಡಬೇಡಿ, ಉಳಿದ ಕಿವಿಯಲ್ಲಿ ಸದ್ದು ಏರಿಸಬೇಕಾಗುತ್ತದೆ. ಸಭೆಯ ಕಡೆಗೆ ಮುಖ ಮಾಡಿ ಒಂದು ಮೈಕ್ ಇಡಿಸಿ, ಅದರ ದನಿಯನ್ನೂ ಸ್ವಲ್ಪ ಬೆರೆಸಿ ಕಳಿಸಲು ಹೇಳಿ. ಇನ್ನು ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಕಿವಿಯಲ್ಲಿ ಏನೂ ಇರಕೂಡದು. ಇದಕ್ಕೆ ಕಾರಣ ಬೇಕಿಲ್ಲ.

ಇಬ್ಬರ ಕಿವಿ

ಕಿವಿಯ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಕೂಡುವುದಿಲ್ಲ. ಅದೊಂದು ಕೊರತೆಯೇ. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೂಡಿ ಕೇಳಲು ಎರಡು ತೂತುಗಳಿದ್ದವು. ಒಂದು ಕಿತ್ತಳೆ ಬಣ್ಣದ ಗುಂಡಿ ಒತ್ತಿದರೆ ಹಾಡು ತಗ್ಗಿ ಇಬ್ಬರೂ ಮಾತಾಡಬಹುದಿತ್ತು. ಗದಗಿನ ಕಡೆಯ ಬಾಲಕ ಭೀಮಸೇನ ಅಂಗಡಿಯಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ಮುದ್ರಿಕೆ ಕೇಳಿ ಮರುಳಾದನೆಂದು ಹೇಳುತ್ತಾರೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಕೊನೆಗೆ ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ. ಗುರುವಿನ ನೆನಪಿಗೆ ಅವರು 1953ರಲ್ಲಿ ನಮ್ಮ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ನಾವು ಡಿಸೆಂಬರಿನಲ್ಲಿ ಹೋಗುತ್ತೇವೆ. ಆ ಅಂಗಡಿಯವನು ಕಿವಿಯ ಅಳತೆಗೆ ಮಾಡಿಸಿಕೊಂಡು ಒಬ್ಬನೇ ಕೇಳುತ್ತ ಕೂತಿದ್ದರೆ?

ಆದ್ದರಿಂದ ಒಬ್ಬರೇ ಕೇಳಿ, ಬೇಡವೆನ್ನುವುದಿಲ್ಲ. ಊಟದ ಹೊತ್ತಿಗೆ ತೆಗೆದಿಡಿ. ಅಚ್ಚು ಕೊಡಲು ಹೋಗುವ ದಿನ ನಿಮ್ಮ ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಹೋಗುವಾಗ ಅಪ್ಪನನ್ನೋ ಅಮ್ಮನನ್ನೋ ಅಜ್ಜನನ್ನೋ ಕರೆದುಕೊಂಡು ಹೋಗಿ. "ನಾವು ಕನ್ನಡ ಮಾತಾಡಿದರೆ ಮನೆಯವರು ಕೇಳಿಸಿಕೊಳ್ಳುವುದಿಲ್ಲ" ಎಂದು ನಿಮ್ಮಲ್ಲಿ ಕೆಲವರು ನನಗೆ ಹೇಳಿದ್ದುಂಟು. ಇರಬಹುದು, ಅವರಿಗೆ ಕೇಳಿಸುತ್ತಲೇ ಇಲ್ಲದಿರಬಹುದು.

ನನಗೂ ಈಗ ಎರಡು ಶ್ರವಣಯಂತ್ರಗಳು ಬಂದಿವೆ. ಅದೇ ತಜ್ಞೆ, ಅದೇ ಸಿಲಿಕೋನ್, ಅದೇ ಐದು ನಿಮಿಷ. ಕಳೆದುಹೋದದ್ದು ಪೂರ್ತಿ ಮರಳುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಆದರೂ ಹಾಕಿಕೊಂಡ ಮೊದಲ ದಿನ ಒಗ್ಗರಣೆಯ ಸಾಸಿವೆ ಚಟಪಟ ಎಂದದ್ದು ಹಜಾರದವರೆಗೆ ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ ಮಗಳು ತಾಯಿಯ ಕಡೆ ಬಾಗಿ ಮೆಲ್ಲಗೆ ಏನೋ ಹೇಳಿದಳು. "ಅಮ್ಮಾ, ಹುಷಾರ್, ಅಪ್ಪಗ ಈಗ ಎಲ್ಲಾ ಕೇಳಸ್ತದ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

ನಿಮ್ಮ ಅನುಭವಗಳನ್ನು ಬರೆದು ಕಳಿಸಿ, ಕನ್ನಡದಲ್ಲೇ ಬರೆಯಿರಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ, ಇನ್ನು ಮೇಲೆ ನಾನು ಬೈಯುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ನಿಮ್ಮ
ಅಂಕಣಕಾರ